ಅಲಗಿನ ಮಿಂಚು: ರೇಡಾರಿನ ಮುಂದೆ ಹೆಲಿಕಾಪ್ಟರು

ಹಾರುವ ಯಂತ್ರಗಳಲ್ಲಿ ಹೆಲಿಕಾಪ್ಟರಿಗೆ ಒಂದು ವಿಶೇಷವಾದ ಅಧಿಕಾರವುಂಟು: ಅದು ಆಕಾಶದಲ್ಲಿ ನಿಲ್ಲಬಲ್ಲದು. ಆ ಅಧಿಕಾರವನ್ನು ಅದು ಚಲಾಯಿಸಿದಾಗ ನೆಲದ ಮೇಲಿನ ರೇಡಾರಿಗೆ ಒದಗುವ ಸಂಕಟ ಸಾಮಾನ್ಯವಾದುದಲ್ಲ. ರೇಡಾರು ಕಳುಹಿದ ಅಲೆಗಳನ್ನು ವಿಮಾನವೊಂದೇ ಹಿಂದಿರುಗಿಸುವುದಿಲ್ಲ. ಬೆಟ್ಟ, ಕಟ್ಟಡ, ಮರ, ನೀರಿನ ತೊಟ್ಟಿ, ತಂತಿಯ ಬೇಲಿ ಮೊದಲಾದ ಸಕಲ ವಸ್ತುಗಳೂ ತಮ್ಮ ತಮ್ಮ ಪಾಲಿನ ಪ್ರತಿಧ್ವನಿಯನ್ನು ಹಿಂದಕ್ಕೆ ಕಳುಹಿಸುತ್ತವೆ, ಮತ್ತು ಅವುಗಳ ಒಟ್ಟು ಬಲವು ವಿಮಾನದ ಪ್ರತಿಧ್ವನಿಗಿಂತ ಸಾವಿರಾರು ಪಾಲು ಹೆಚ್ಚಾಗಿರುವುದೂ ಉಂಟು. ಈ ಕೋಲಾಹಲದಿಂದ ವಿಮಾನವೊಂದನ್ನೇ ಹೆಕ್ಕಿ ತೆಗೆಯಲು ರೇಡಾರಿನ ರಚನಕಾರರು ಒಂದು ಸರಳವಾದ ಕಟ್ಟಳೆಯನ್ನು ಮಾಡಿಕೊಂಡರು. ಚಲಿಸದಿರುವುದೆಲ್ಲವೂ ನಿರರ್ಥಕ, ಅದನ್ನು ಸೋಸಿ ಹೊರಗೆ ಹಾಕತಕ್ಕದ್ದು, ಎಂಬುದೇ ಆ ಕಟ್ಟಳೆ. ಓಡುವ ವಿಮಾನಗಳ ವಿಷಯದಲ್ಲಿ ಈ ಕಟ್ಟಳೆ ಚೆನ್ನಾಗಿಯೇ ನಡೆಯಿತು. ಆದರೆ ಮರಗಳ ಸಾಲಿನ ಹಿಂದೆ ನಿಶ್ಚಲವಾಗಿ ತೂಗಿ ನಿಂತ ಹೆಲಿಕಾಪ್ಟರಿನ ಒಡಲು, ರೇಡಾರಿನ ಗಣನೆಯಲ್ಲಿ, ಆ ಮರಗಳಿಗಿಂತ ಬೇರೆಯಾದುದಲ್ಲ. ಆದಕಾರಣ ಸೋಸುವ ಯಂತ್ರವು ಮರಗಳೊಡನೆ ಅದನ್ನೂ ನಿರ್ದಾಕ್ಷಿಣ್ಯವಾಗಿ ಅಳಿಸಿಹಾಕುತ್ತದೆ.

ಹೀಗೆ ಒಡಲು ಅಡಗಿದರೂ ತಲೆಯ ಮೇಲಣ ಅಲಗುಗಳು ಅಡಗುವುದಿಲ್ಲ. ಹೆಲಿಕಾಪ್ಟರು ನಿಂತಿರಬೇಕಾದರೆ ಅವು ತಿರುಗುತ್ತಲೇ ಇರಬೇಕು, ಅದೂ ಅತಿ ವೇಗದಿಂದ. ನಿಶ್ಚಲತೆಯ ಸಲುವಾಗಿಯೇ ನಡೆಯುವ ಈ ಅವಿಶ್ರಾಂತ ಚಲನೆಯು ರೇಡಾರಿನ ಪರದೆಯ ಮೇಲೆ ಯಾವ ರೂಪವನ್ನು ತಾಳುತ್ತದೆ, ಮತ್ತು ಹೆಲಿಕಾಪ್ಟರನ್ನು ಕಣ್ಣಿನಿಂದ ಕಾಣದೆಯೇ, ಗಣಕಯಂತ್ರದ ಮುಂದೆ ಕುಳಿತು, ಆ ರೂಪವನ್ನು ಮೊದಲೇ ಬರೆದುಕೊಳ್ಳುವುದು ಹೇಗೆ ಎಂಬುದು ಈ ಅಧ್ಯಾಯದ ವಿಷಯ.

ಮೂಲತತ್ತ್ವವು ಹಳೆಯದು. ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರನು 1842ರಲ್ಲಿ, ಪ್ರಾಗ್ ನಗರದಲ್ಲಿ ಅಧ್ಯಾಪಕನಾಗಿದ್ದಾಗ, ಜೋಡಿ ನಕ್ಷತ್ರಗಳ ಬಣ್ಣವನ್ನು ವಿವರಿಸುವ ಉದ್ದೇಶದಿಂದ ಅದನ್ನು ಮಂಡಿಸಿದನು. ನಕ್ಷತ್ರಗಳ ಬಣ್ಣಕ್ಕೆ ಅವನು ಕೊಟ್ಟ ವಿವರಣೆ ನಿಲ್ಲಲಿಲ್ಲ, ತತ್ತ್ವವು ಮಾತ್ರ ನಿಂತಿತು. ಮೂರು ವರ್ಷಗಳ ತರುವಾಯ ಹಾಲೆಂಡಿನ ಬೈಸ್ ಬ್ಯಾಲಟ್ ಎಂಬ ವಿದ್ವಾಂಸನು ಉಟ್ರೆಕ್ಟಿನ ರೈಲು ಹಾದಿಯಲ್ಲಿ, ತೆರೆದ ಬಂಡಿಯ ಮೇಲೆ ಕಹಳೆಯವರನ್ನು ಕೂರಿಸಿ, ಹಾದಿಯ ಬದಿಯಲ್ಲಿ ಶ್ರುತಿಜ್ಞಾನವುಳ್ಳ ಸಂಗೀತಗಾರರನ್ನು ನಿಲ್ಲಿಸಿ, ಸಮೀಪಿಸುವ ಸ್ವರವು ಏರುವುದನ್ನೂ ದೂರವಾಗುವ ಸ್ವರವು ಇಳಿಯುವುದನ್ನೂ ಅವರ ಕಿವಿಯಿಂದಲೇ ದೃಢಪಡಿಸಿದನು. ಭೌತವಿಜ್ಞಾನದ ಪರೀಕ್ಷೆಗಳಲ್ಲಿ ಇಷ್ಟು ಸುಸ್ವರವಾದುದು ಇನ್ನೊಂದಿರಲಾರದು. ಆ ತತ್ತ್ವವೇ ರೇಡಿಯೊ ಅಲೆಗಳಿಗೂ ಅನ್ವಯಿಸುತ್ತದೆ. 1935ರ ಫೆಬ್ರವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿಯ ಬಳಿ ವಾಟ್ಸನ್-ವಾಟ್ ಮತ್ತು ವಿಲ್ಕಿನ್ಸರು ಬಿ.ಬಿ.ಸಿ.ಯ ಪ್ರಸಾರದ ಅಲೆಗಳನ್ನೇ ಬಳಸಿಕೊಂಡು ಹೇಫರ್ಡ್ ಎಂಬ ಬಾಂಬರ್ ವಿಮಾನವನ್ನು ಪತ್ತೆಹಚ್ಚಿದಾಗ ಅವರು ಕಂಡದ್ದು, ನೇರವಾಗಿ ಬಂದ ಅಲೆಯೂ ವಿಮಾನದಿಂದ ಮರಳಿದ ಅಲೆಯೂ ಕೂಡಿ ಹುಟ್ಟಿಸಿದ ಏರಿಳಿತವನ್ನು. ವಿಮಾನವು ಚಲಿಸುತ್ತಿದ್ದುದರಿಂದಲೇ ಆ ಏರಿಳಿತ ಉಂಟಾಯಿತು.

ರೇಡಾರಿನಲ್ಲಿ ಅಲೆಯು ಹೋಗಿ ಬರುವ ಎರಡು ಹಾದಿಗಳೂ ಮೊಟಕಾಗುವುದರಿಂದ ಅಥವಾ ನೀಳವಾಗುವುದರಿಂದ, ಆವೃತ್ತಿಯ ಬದಲಾವಣೆಯು ವೇಗದ ಎರಡು ಪಾಲನ್ನು ತರಂಗದೂರದಿಂದ ಭಾಗಿಸಿದಷ್ಟಾಗುತ್ತದೆ. ಸೂತ್ರವು ಇಷ್ಟೇ. ಈಗ ಇದಕ್ಕೆ ಒಂದು ನಿಜವಾದ ಯಂತ್ರವನ್ನು ಒಡ್ಡಿ ನೋಡೋಣ.

ವಿಯೆಟ್ನಾಮ್ ಯುದ್ಧದ ಚಿತ್ರಗಳನ್ನು ನೋಡಿದವರಿಗೆಲ್ಲ ಪರಿಚಿತವಾದ, ಹ್ಯೂಯಿ ಎಂಬ ಅಡ್ಡಹೆಸರಿನ, ಬೆಲ್ ಕಂಪನಿಯ ಯು.ಎಚ್.-1 ಹೆಲಿಕಾಪ್ಟರನ್ನು ತೆಗೆದುಕೊಳ್ಳುವುದು ಅನುಕೂಲ. ಏಕೆಂದರೆ ಅದಕ್ಕಿರುವುದು ಎರಡೇ ಅಲಗುಗಳು, ಲೆಕ್ಕವು ಕೈಗೆ ಸುಲಭವಾಗಿ ಒದಗುತ್ತದೆ. ಅದರ ಎಚ್ ಮಾದರಿಯ ರೋಟರಿನ ವ್ಯಾಸವು ಸುಮಾರು 14.6 ಮೀಟರು, ಅದು ನಿಮಿಷಕ್ಕೆ 324 ಸುತ್ತು ತಿರುಗುತ್ತದೆ. ಹಾಗಾದರೆ ಅಲಗಿನ ತುದಿಯ ವೇಗವು ಸೆಕೆಂಡಿಗೆ ಸುಮಾರು 248 ಮೀಟರು. ಮೂರು ಸೆಂಟಿಮೀಟರು ತರಂಗದೂರದ ರೇಡಾರಿನಲ್ಲಿ ಈ ತುದಿಯು ಉಂಟುಮಾಡುವ ಆವೃತ್ತಿಯ ಪಲ್ಲಟವು ಸೆಕೆಂಡಿಗೆ ಸುಮಾರು 16,500 ಆವರ್ತಗಳು. ಅಲಗು ನಮ್ಮತ್ತ ಬರುವಾಗ ಅಷ್ಟು ಮೇಲಕ್ಕೆ, ನಮ್ಮಿಂದ ಸರಿಯುವಾಗ ಅಷ್ಟೇ ಕೆಳಕ್ಕೆ. ಅಲಗಿನ ಬುಡವಾದರೋ ಬಹಳ ನಿಧಾನವಾಗಿ ಚಲಿಸುತ್ತದೆ. ಬುಡದಿಂದ ತುದಿಯವರೆಗಿನ ಪ್ರತಿಯೊಂದು ಬಿಂದುವಿಗೂ ತನ್ನದೇ ಆದ ವೇಗವುಂಟಾದ್ದರಿಂದ, ಒಂದೇ ಅಲಗಿನ ಪ್ರತಿಧ್ವನಿಯು ಒಂದು ಸ್ವರವಾಗಿರದೆ, ಶೂನ್ಯದಿಂದ ಹದಿನಾರೂವರೆ ಸಾವಿರದವರೆಗೆ ಹಬ್ಬಿದ ಸ್ವರಗಳ ಒಂದು ಸಮುದಾಯವಾಗಿರುತ್ತದೆ. ಒಡಲಿನ ಒಟ್ಟು ಚಲನೆಯಿಂದಾಗುವ ಪಲ್ಲಟದ ಸುತ್ತ ಹೀಗೆ ಹರಡಿಕೊಳ್ಳುವ ಒಳಚಲನೆಗಳ ಪಲ್ಲಟವನ್ನು ಸೂಕ್ಷ್ಮ ಡಾಪ್ಲರ್ ಪರಿಣಾಮ ಎನ್ನುತ್ತಾರೆ. ಅಮೆರಿಕದ ನೌಕಾ ಸಂಶೋಧನಾಲಯದ ವಿಕ್ಟರ್ ಚೆನ್ ಅವರೂ ಅವರ ಸಹೋದ್ಯೋಗಿಗಳೂ 2006ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯಕ್ಕೆ ಶಾಸ್ತ್ರದ ಸ್ಥಾನವನ್ನು ತಂದುಕೊಟ್ಟಿತು.

ಇಲ್ಲಿ ಒಂದು ಕುತೂಹಲದ ಸಂಗತಿಯನ್ನು ಗಮನಿಸಬೇಕು. ಹೆಲಿಕಾಪ್ಟರು ಹಿರಿದಾಗಲಿ ಕಿರಿದಾಗಲಿ, ಅಲಗಿನ ತುದಿಯ ವೇಗವು ಹೆಚ್ಚಾಗಿ ಬದಲಾಗುವುದಿಲ್ಲ. ಶಬ್ದದ ವೇಗವು ನೆಲಮಟ್ಟದಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು. ಹೆಲಿಕಾಪ್ಟರು ಸೆಕೆಂಡಿಗೆ 55 ಮೀಟರಿನಂತೆ ಮುಂದುವರಿಯುವಾಗ, ಮುನ್ನುಗ್ಗುವ ಅಲಗಿನ ತುದಿಗೆ ಆ ವೇಗವೂ ಸೇರಿ 303 ಆಗುತ್ತದೆ. ಇನ್ನೂ ಏರಿಸಿದರೆ ತುದಿಯು ಶಬ್ದದ ವೇಗವನ್ನು ಮುಟ್ಟಿ ಆಘಾತ ತರಂಗಗಳನ್ನೆಬ್ಬಿಸುತ್ತದೆ. ವೇಗವನ್ನು ಬಹಳ ಇಳಿಸಿದರೆ ಹಿಂದಕ್ಕೆ ಸರಿಯುವ ಅಲಗಿಗೆ ಗಾಳಿಯ ಆಧಾರವು ಸಾಲದೆ ಹೋಗುತ್ತದೆ. ಈ ಎರಡು ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿಯೇ ಎಲ್ಲ ದೇಶಗಳ ಎಲ್ಲ ಹೆಲಿಕಾಪ್ಟರುಗಳೂ ತಿರುಗಬೇಕಾಗಿದೆ. ಹ್ಯೂಯಿಯ ಬಾಲದಲ್ಲಿರುವ ಪುಟ್ಟ ರೋಟರು ಮುಖ್ಯ ರೋಟರಿಗಿಂತ ಐದು ಪಾಲು ಶೀಘ್ರವಾಗಿ ಸುತ್ತುತ್ತದೆಯಾದರೂ, ಅದರ ವ್ಯಾಸವು ಎರಡೂವರೆ ಮೀಟರಿಗಿಂತ ಸ್ವಲ್ಪವೇ ಹೆಚ್ಚಾದುದರಿಂದ, ಅದರ ತುದಿಯ ವೇಗವೂ ಸರಿಸುಮಾರು ಅಷ್ಟರಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಪಲ್ಲಟದ ವಿಸ್ತಾರವೊಂದನ್ನೇ ಅಳೆದು ಇದು ಇಂಥ ಹೆಲಿಕಾಪ್ಟರು ಎಂದು ಹೇಳುವುದು ಅಸಾಧ್ಯ. ಗುರುತು ಅಡಗಿರುವುದು ಬೇರೊಂದು ಕಡೆಯಲ್ಲಿ, ಅಲಗಿನ ಮಿಂಚಿನಲ್ಲಿ.

ಅಲಗು ತಿರುಗುತ್ತ ತಿರುಗುತ್ತ ರೇಡಾರಿನ ದೃಷ್ಟಿರೇಖೆಗೆ ಲಂಬವಾಗಿ ಅಡ್ಡ ನಿಂತ ಕ್ಷಣದಲ್ಲಿ, ಬುಡದಿಂದ ತುದಿಯವರೆಗಿನ ಸಮಸ್ತ ಬಿಂದುಗಳೂ ರೇಡಾರಿನಿಂದ ಸಮಾನವಾದ ದೂರದಲ್ಲಿರುತ್ತವೆ. ಅವುಗಳಿಂದ ಮರಳಿದ ಅಲೆಗಳೆಲ್ಲವೂ ಒಂದೇ ಪ್ರಾವಸ್ಥೆಯಲ್ಲಿ, ಎಂದರೆ ಏರಿಳಿತಗಳು ಒಂದಕ್ಕೊಂದು ಹೊಂದುವಂತೆ, ಬಂದು ಸೇರಿ ಒಂದನ್ನೊಂದು ಬಲಪಡಿಸುತ್ತವೆ. ಅಲಗು ಒಂದಿಷ್ಟೇ ಓರೆಯಾದರೂ ಬಿಂದುಗಳ ದೂರಗಳಲ್ಲಿ ವ್ಯತ್ಯಾಸವುಂಟಾಗಿ, ಅಲೆಗಳು ಪರಸ್ಪರ ಹೊಡೆದಾಡಿ ಅಳಿದುಹೋಗುತ್ತವೆ. ಎಷ್ಟು ಓರೆಯಾದರೆ ಅಳಿಯುತ್ತವೆ ಎಂಬುದು ಅಲಗಿನ ಉದ್ದದ ಮೇಲೂ ತರಂಗದೂರದ ಮೇಲೂ ನಿಂತಿದೆ. ಏಳೂಕಾಲು ಮೀಟರಿನ ಅಲಗಿಗೂ ಮೂರು ಸೆಂಟಿಮೀಟರಿನ ಅಲೆಗೂ ಈ ಕೋನವು ಒಂದು ಡಿಗ್ರಿಯ ಎಂಟನೆಯ ಒಂದು ಪಾಲಿಗಿಂತ ಹೆಚ್ಚಲ್ಲ. ಅಷ್ಟು ಕೋನವನ್ನು ಹ್ಯೂಯಿಯ ಅಲಗು ದಾಟಲು ತೆಗೆದುಕೊಳ್ಳುವ ಕಾಲವು ಸುಮಾರು 60 ಮೈಕ್ರೊಸೆಕೆಂಡು. ಇಷ್ಟು ಅಲ್ಪಕಾಲದ, ಆದರೆ ಒಡಲಿನ ಪ್ರತಿಧ್ವನಿಯೊಡನೆ ಸರಿದೂಗಬಲ್ಲಷ್ಟು ಪ್ರಬಲವಾದ ಈ ಮಿಂಚು, ಎರಡಲಗಿನ ಹ್ಯೂಯಿಯಲ್ಲಿ ಸೆಕೆಂಡಿಗೆ ಹನ್ನೊಂದಕ್ಕೆ ತುಸು ಕಡಿಮೆಯಾದಷ್ಟು ಸಲ ಕಾಣಿಸಿಕೊಳ್ಳುತ್ತದೆ. ಅದೇ ಅಲಗನ್ನು ಒಂದು ಮೀಟರು ತರಂಗದೂರದ ಹಳೆಯ ಬಗೆಯ ರೇಡಾರಿನಿಂದ ನೋಡಿದರೆ ಮಿಂಚು ಮೂವತ್ತು ಪಾಲಿಗೂ ಹೆಚ್ಚು ಹಿಗ್ಗಿ, ಎರಡು ಮಿಲಿಸೆಕೆಂಡುಗಳಷ್ಟು ಕಾಲ ನಿಲ್ಲುತ್ತದೆ. ಹೊಸದಾದುದೆಲ್ಲ ಹಳೆಯದಕ್ಕಿಂತ ಮೇಲು ಎಂದು ನಂಬುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಅಲಗುಗಳ ಸಂಖ್ಯೆಯು ಸಮವೋ ವಿಷಮವೋ ಎಂಬುದು ಈ ಮಿಂಚುಗಳ ಜೋಡಣೆಯಲ್ಲಿ ಸ್ಪಷ್ಟವಾಗಿ ತೋರುತ್ತದೆ. ಸಮಸಂಖ್ಯೆಯ ಅಲಗುಗಳಿದ್ದರೆ, ಒಂದು ಅಲಗು ಒಂದು ಪಕ್ಕದಲ್ಲಿ ಲಂಬವಾಗಿ ನಿಂತು ನಮ್ಮತ್ತ ಧಾವಿಸುವ ಕ್ಷಣದಲ್ಲಿಯೇ ಅದರ ಎದುರು ಜೋಡಿಯು ಇನ್ನೊಂದು ಪಕ್ಕದಲ್ಲಿ ನಮ್ಮಿಂದ ದೂರಕ್ಕೆ ಧಾವಿಸುತ್ತಿರುತ್ತದೆ; ಮೇಲಣ ಆವೃತ್ತಿಗಳೂ ಕೆಳಗಣ ಆವೃತ್ತಿಗಳೂ ಏಕಕಾಲದಲ್ಲಿ ಬೆಳಗುತ್ತವೆ. ವಿಷಮಸಂಖ್ಯೆಯಾದರೆ ಹಾಗಲ್ಲ. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ 1960ರ ದಶಕದಿಂದ ತಯಾರಾದ ಚೇತಕ್ ಹೆಲಿಕಾಪ್ಟರಿಗೆ ಮೂರು ಅಲಗುಗಳು. ಅದರ ಒಂದು ಅಲಗು ಬರುತ್ತ ಮಿಂಚಿದ ಮೇಲೆ, ರೋಟರು ಅರುವತ್ತು ಡಿಗ್ರಿ ತಿರುಗಿದಾಗ, ಇನ್ನೊಂದು ಅಲಗು ಹೋಗುತ್ತ ಮಿಂಚುತ್ತದೆ. ಹೀಗೆ ಒಂದು ಸುತ್ತಿನಲ್ಲಿ ಆರು ಮಿಂಚುಗಳು, ಒಂದು ಮೇಲೆ ಒಂದು ಕೆಳಗೆ ಎಂಬ ಕ್ರಮದಲ್ಲಿ. ಅದೇ ಕಾರ್ಖಾನೆಯವರು ರೂಪಿಸಿ 1992ರ ಆಗಸ್ಟ್ 20ರಂದು ಮೊದಲು ಹಾರಿಸಿದ ಧ್ರುವ್ ಹೆಲಿಕಾಪ್ಟರಿಗೆ ನಾಲ್ಕು ಅಲಗುಗಳಿರುವುದರಿಂದ, ಒಂದು ಸುತ್ತಿಗೆ ನಾಲ್ಕೇ ಸಲ, ಮೇಲೂ ಕೆಳಗೂ ಒಟ್ಟಾಗಿ. ಸೇನೆಯವರು ಈ ವಿವರಗಳ ಬಗ್ಗೆ ಅಷ್ಟೊಂದು ಆಸ್ಥೆ ವಹಿಸುವುದು ಏತಕ್ಕೆಂದು ಓದುಗರಿಗೆ ಈಗ ತಾನಾಗಿ ಹೊಳೆದಿರಬಹುದು.

ಇಷ್ಟೆಲ್ಲವನ್ನೂ ನಿಜವಾದ ಹೆಲಿಕಾಪ್ಟರನ್ನು ಹಾರಿಸಿ ಅಳೆಯಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಅಳೆಯುವುದುಂಟು, ಆದರೆ ಅಳತೆಯು ದುಬಾರಿಯಾದುದು, ಅನ್ಯದೇಶದ ಹೆಲಿಕಾಪ್ಟರು ನಮ್ಮ ಅಳತೆಗಾಗಿ ಬಂದು ನಿಲ್ಲುವುದಿಲ್ಲ, ಇನ್ನೂ ಕಾಗದದ ಮೇಲಿರುವ ಹೆಲಿಕಾಪ್ಟರನ್ನು ಹಾರಿಸುವುದಂತೂ ಆಗದ ಮಾತು. ಇದಕ್ಕಿಂತ ಬಲವಾದ ಕಾರಣವೊಂದು ಬೇರೆ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಕಿರಣ ಪ್ರಯೋಗಾಲಯದವರು ಬಿ-26 ಬಾಂಬರ್ ವಿಮಾನದ ಪ್ರತಿಧ್ವನಿಯನ್ನು ಹತ್ತು ಸೆಂಟಿಮೀಟರು ಅಲೆಯಲ್ಲಿ ಸುತ್ತಲೂ ಅಳೆದು 1947ರಲ್ಲಿ ಪ್ರಕಟಿಸಿದ ನಕ್ಷೆಯು, ರೇಡಾರಿನ ಪಠ್ಯಗಳಲ್ಲೆಲ್ಲ ಇಂದಿಗೂ ಪುನರ್ಮುದ್ರಿತವಾಗುತ್ತಿದೆ; ಮುಳ್ಳುಹಂದಿಯಂತೆ ಸುತ್ತಲೂ ಚೂಪುಗಳನ್ನು ಚಾಚಿಕೊಂಡ ಆ ನಕ್ಷೆಯಲ್ಲಿ, ನೋಡುವ ದಿಕ್ಕು ಒಂದು ಡಿಗ್ರಿಯ ಮೂರನೆಯ ಒಂದು ಪಾಲಿನಷ್ಟು ಬದಲಾದರೆ ಪ್ರತಿಧ್ವನಿಯ ಬಲವು 15 ಡೆಸಿಬೆಲ್, ಎಂದರೆ ಮೂವತ್ತು ಪಾಲಿಗೂ ಮಿಕ್ಕು ಬದಲಾಗಬಲ್ಲದು. ಅಲುಗದ ವಿಮಾನದ ಗತಿಯೇ ಇದಾದರೆ, ಗಾಳಿಯಲ್ಲಿ ತೂಗಾಡುತ್ತ ಅಲಗುಗಳನ್ನು ಸುತ್ತಿಸುವ ಯಂತ್ರದಲ್ಲಿ ಯಾವ ಏರಿಳಿತಕ್ಕೆ ಯಾವ ಅಂಗವು ಕಾರಣವೆಂದು ಅಳತೆಯೊಂದರಿಂದಲೇ ಬಿಡಿಸುವುದು ಹೇಗೆ? ಗಣಕಯಂತ್ರದಲ್ಲಿ ನಡೆಸುವ ಅನುಕರಣದಲ್ಲಿಯಾದರೋ ಬಾಲವನ್ನು ಕಿತ್ತಿಟ್ಟು ನೋಡಬಹುದು, ಒಡಲನ್ನೇ ಅಳಿಸಿ ಒಂದೇ ಅಲಗನ್ನು ಶೂನ್ಯದಲ್ಲಿ ತಿರುಗಿಸಬಹುದು.

ಗಣಿತದ ತಳಹದಿ ಸಿದ್ಧವಾಗಿಯೇ ಇದೆ. ಮ್ಯಾಕ್ಸ್‌ವೆಲ್ಲನು 1860ರ ದಶಕದಲ್ಲಿ ಕೊಟ್ಟ ಸಮೀಕರಣಗಳನ್ನು ಬಿಡಿಸಿದರೆ ಸಾಕು, ಯಾವ ವಸ್ತುವಿನ ಪ್ರತಿಧ್ವನಿಯಾದರೂ ದೊರಕುತ್ತದೆ. ಆದರೆ ಆ ಬಿಡಿಸುವಿಕೆಯ ಭಾರವನ್ನು ಒಮ್ಮೆ ತೂಗಿ ನೋಡಬೇಕು. ಹೆಲಿಕಾಪ್ಟರಿನ ಮೈಯನ್ನು ಸಣ್ಣ ಸಣ್ಣ ಚೂರುಗಳಾಗಿ ವಿಂಗಡಿಸಿ, ಪ್ರತಿ ಚೂರಿನಲ್ಲಿ ಹರಿಯುವ ವಿದ್ಯುತ್ ಪ್ರವಾಹವನ್ನು ಮಿಕ್ಕೆಲ್ಲ ಚೂರುಗಳ ಪ್ರಭಾವವನ್ನೂ ಸೇರಿಸಿ ಕಂಡುಹಿಡಿಯುವ ವಿಧಾನವನ್ನು ರೋಜರ್ ಹ್ಯಾರಿಂಗ್ಟನ್ನರು 1968ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ಚೂರಿನ ಅಂಚು ತರಂಗದೂರದ ಹತ್ತನೆಯ ಒಂದು ಪಾಲು, ಎಂದರೆ ನಮ್ಮ ಉದಾಹರಣೆಯಲ್ಲಿ ಮೂರು ಮಿಲಿಮೀಟರು, ಇರಬೇಕೆಂಬುದು ವಾಡಿಕೆ. ಮೈಯ ವಿಸ್ತೀರ್ಣವನ್ನು ನೂರು ಚದರ ಮೀಟರೆಂದು ಭಾವಿಸಿದರೂ ಒಂದು ಕೋಟಿ ಹತ್ತು ಲಕ್ಷ ಚೂರುಗಳಾದವು. ಅವುಗಳ ಪರಸ್ಪರ ಸಂಬಂಧವನ್ನು ಬರೆದಿಡುವ ಮಾತೃಕೆಯಲ್ಲಿ ಸುಮಾರು ನೂರಿಪ್ಪತ್ತು ಲಕ್ಷ ಕೋಟಿ ಸಂಖ್ಯೆಗಳು. ಇದೂ ರೋಟರಿನ ಒಂದೇ ಒಂದು ಭಂಗಿಗೆ. ಅನಂತರ ಬಂದ ಶೀಘ್ರಗಣನೆಯ ಉಪಾಯಗಳು ಈ ಭಾರವನ್ನು ಬಹುಮಟ್ಟಿಗೆ ಇಳಿಸಿವೆಯಾದರೂ, ಸಾವಿರಾರು ಭಂಗಿಗಳಿಗೆ ಇದನ್ನು ಪುನಃ ಪುನಃ ಮಾಡುವ ಶ್ರೀಮಂತಿಕೆ ಎಲ್ಲರಿಗಿಲ್ಲ.

ಆದಕಾರಣ ಲೋಕವು ಅಂದಾಜುಗಳ ಮೊರೆ ಹೊಕ್ಕಿತು. ವಸ್ತುವು ತರಂಗದೂರಕ್ಕಿಂತ ನೂರಾರು ಪಾಲು ಹಿರಿದಾಗಿರುವಲ್ಲಿ ರೇಡಿಯೊ ಅಲೆಯು ಬಹುತೇಕ ಬೆಳಕಿನಂತೆಯೇ ವರ್ತಿಸುವುದರಿಂದ, ಬೆಳಗಿದ ಮೈಯ ಮೇಲೆ ಮಾತ್ರ ಪ್ರವಾಹವುಂಟೆಂದೂ ನೆರಳಿನಲ್ಲಿ ಇಲ್ಲವೆಂದೂ ಭಾವಿಸಿ ಲೆಕ್ಕ ಹಾಕಬಹುದು. ಈ ಭಾವನೆಯು ಅಗಲವಾದ ಮೈಗೆ ಒಪ್ಪುತ್ತದೆ, ಅಂಚುಗಳಲ್ಲಿ ಎಡವುತ್ತದೆ. ಮತ್ತು ಹೆಲಿಕಾಪ್ಟರಿನ ಅಲಗೆಂದರೆ ಅದೊಂದು ಅಂಚೇ ಅಲ್ಲವೆ? ಅಂಚಿನಿಂದ ಚದರುವ ಅಲೆಯ ಕೊರತೆಯನ್ನು ತುಂಬುವ ಸಿದ್ಧಾಂತಗಳೆರಡು, ಅಮೆರಿಕದಲ್ಲಿ ಜೋಸೆಫ್ ಕೆಲ್ಲರರದು, ಸೋವಿಯೆತ್ ದೇಶದಲ್ಲಿ ಪ್ಯೋತರ್ ಉಫಿಮ್ತ್ಸೆವರದು, 1962ರಲ್ಲಿಯೇ ಪ್ರಕಟವಾದವು. ಉಫಿಮ್ತ್ಸೆವರ ಪುಸ್ತಕದ ಕಥೆಯು ಹೇಳತಕ್ಕದ್ದು. ಮಾಸ್ಕೊದಲ್ಲಿ ಬಹಿರಂಗವಾಗಿಯೇ ಮುದ್ರಿತವಾದ ಆ ಪುಸ್ತಕವನ್ನು ಅಮೆರಿಕದ ವಾಯುಸೇನೆಯವರು 1971ರಲ್ಲಿ ಅನುವಾದಿಸಿಕೊಂಡರು. ಲಾಕ್‌ಹೀಡ್ ಕಂಪನಿಯ ಡೆನಿಸ್ ಓವರ್‌ಹೋಲ್ಸರ್ ಎಂಬ ಗಣಿತಜ್ಞರು ಅದನ್ನೋದಿ, ಅದರ ಆಧಾರದ ಮೇಲೆ ಪ್ರತಿಧ್ವನಿಯನ್ನು ಗಣಿಸುವ ಕ್ರಮವಿಧಿಯೊಂದನ್ನು ರಚಿಸಿದರು. ಅದರಿಂದ ರೇಡಾರಿಗೆ ಬಹುಮಟ್ಟಿಗೆ ಕಾಣದ ಎಫ್-117 ವಿಮಾನವು ರೂಪುಗೊಂಡಿತು. ಶತ್ರುವಿನ ರೇಡಾರಿಗೆ ಮರೆಯಾಗುವ ವಿದ್ಯೆಯನ್ನು ಶತ್ರುವಿನ ಪುಸ್ತಕದಿಂದಲೇ ಕಲಿತದ್ದು ಇತಿಹಾಸದ ವಿನೋದಗಳಲ್ಲೊಂದು. ಆ ವಿಮಾನದ ಮೈಯೆಲ್ಲ ಚಪ್ಪಟೆಯಾದ ಮುಖಗಳಿಂದ ಕೂಡಿರುವುದಕ್ಕೂ, ಆಗಿನ ಗಣಕಯಂತ್ರವು ಬಾಗಿದ ಮೈಯನ್ನು ಲೆಕ್ಕ ಹಾಕಲಾರದೆ ಹೋದುದಕ್ಕೂ ಸಂಬಂಧವುಂಟು.

ರೋಟರಿನ ಅನುಕರಣಕ್ಕೆ ಇನ್ನೊಂದು ತೊಡಕುಂಟು: ಅಲಗು ನಿಂತಿಲ್ಲ. ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಚಲಿಸುವ ವಸ್ತುವಿಗೆ ಹೊಂದಿಸುವುದು ಪ್ರಯಾಸದ ಕೆಲಸ. ಆದರೆ ಬೆಳಕಿನ ವೇಗವು ಇಲ್ಲಿ ನಮ್ಮ ಕಡೆಗಿದೆ. ಅಲೆಯೊಂದು ಹದಿನೈದು ಮೀಟರಿನ ಹೆಲಿಕಾಪ್ಟರನ್ನು ಈ ಕೊನೆಯಿಂದ ಆ ಕೊನೆಯವರೆಗೆ ದಾಟಲು ಬೇಕಾಗುವ ಕಾಲವು 50 ನ್ಯಾನೊಸೆಕೆಂಡು. ಅಷ್ಟರಲ್ಲಿ ಅತಿ ವೇಗದ ಅಲಗಿನ ತುದಿಯು ಸರಿಯುವುದು ಒಂದು ಮಿಲಿಮೀಟರಿನ ಎಂಬತ್ತನೆಯ ಒಂದು ಪಾಲು ಮಾತ್ರ. ಅಲೆಯ ಪಾಲಿಗೆ ಅಲಗು ನಿಂತೇ ಇದೆ. ಆದ್ದರಿಂದ ರೋಟರನ್ನು ಒಂದು ಕೋನದಲ್ಲಿ ನಿಲ್ಲಿಸಿ ಪ್ರತಿಧ್ವನಿಯ ಬಲವನ್ನೂ ಪ್ರಾವಸ್ಥೆಯನ್ನೂ ಕಂಡುಹಿಡಿದು, ಅದನ್ನು ಎಳ್ಳಷ್ಟು ತಿರುಗಿಸಿ ಮತ್ತೆ ಕಂಡುಹಿಡಿದು, ಹೀಗೆ ದೊರೆತ ಸಂಖ್ಯೆಗಳನ್ನು ಕಾಲಕ್ರಮದಲ್ಲಿ ಪೋಣಿಸಿದರೆ ತಿರುಗುವ ರೋಟರಿನ ಪ್ರತಿಧ್ವನಿ ಸಿದ್ಧವಾಯಿತು. ಡಾಪ್ಲರ್ ಪಲ್ಲಟವನ್ನು ಎಲ್ಲಿಯೂ ಕೈಯಾರೆ ಸೇರಿಸಬೇಕಾದುದಿಲ್ಲ. ಪ್ರಾವಸ್ಥೆಯು ಒಂದು ಭಂಗಿಯಿಂದ ಇನ್ನೊಂದಕ್ಕೆ ಬದಲಾಗುವ ದರದಲ್ಲಿಯೇ ಅದು ತಾನಾಗಿ ಮೂಡಿಬರುತ್ತದೆ. ಈ ಶಾಸ್ತ್ರದಲ್ಲಿ ನನಗೆ ಅತ್ಯಂತ ಸುಂದರವಾಗಿ ತೋರಿದ ಸಂಗತಿಯೆಂದರೆ ಇದೇ.

ಆ ಎಳ್ಳಷ್ಟು ಎಂಬುದು ಎಷ್ಟು? ಸಿನಿಮಾದಲ್ಲಿ ಓಡುವ ಬಂಡಿಯ ಗಾಲಿಯು ಹಿಂದುಮುಂದಾಗಿ ತಿರುಗಿದಂತೆ ಕಾಣುವುದನ್ನು ನೋಡದವರಾರು? ಎರಡು ಚಿತ್ರಗಳ ನಡುವೆ ಗಾಲಿಯ ಕಡ್ಡಿಗಳು ಅತಿಯಾಗಿ ಸರಿದರೆ ಆಗುವ ಭ್ರಮೆಯೇ ಇಲ್ಲಿಯೂ ಆಗುತ್ತದೆ. ಅದನ್ನು ತಪ್ಪಿಸಬೇಕಾದರೆ ಎರಡು ಭಂಗಿಗಳ ನಡುವೆ ತುದಿಯು ತರಂಗದೂರದ ಕಾಲು ಪಾಲಿಗಿಂತ, ಎಂದರೆ ಏಳೂವರೆ ಮಿಲಿಮೀಟರಿಗಿಂತ, ಹೆಚ್ಚು ಸರಿಯಕೂಡದು. ಹ್ಯೂಯಿಯ ತುದಿಯು ಬರೆಯುವ ವೃತ್ತದ ಪರಿಧಿಯು 46 ಮೀಟರು. ಆದ್ದರಿಂದ ಒಂದು ಸುತ್ತಿಗೆ ಆರು ಸಾವಿರಕ್ಕೂ ಹೆಚ್ಚು ಭಂಗಿಗಳು ಬೇಕು. ಗಣಕಯಂತ್ರವು ಇದನ್ನು ತಾಳ್ಮೆಯಿಂದ ಮಾಡಬಲ್ಲದು. ನಿಜವಾದ ರೇಡಾರಿಗೆ ಇದೇ ನಿಯಮವು ಉರುಳಾಗುತ್ತದೆ: ಅದು ಸೆಕೆಂಡಿಗೆ 33,000 ಮಿಡಿತಗಳನ್ನು ಕಳುಹಬೇಕು, ಹಾಗೆ ಕಳುಹಿದರೆ ಒಂದು ಮಿಡಿತದ ಪ್ರತಿಧ್ವನಿ ಬರುವ ಮೊದಲೇ ಮುಂದಿನದು ಹೊರಟು, ನಾಲ್ಕೂವರೆ ಕಿಲೊಮೀಟರಿನಾಚೆಯ ವಸ್ತುಗಳ ದೂರವನ್ನು ನಿಸ್ಸಂದೇಹವಾಗಿ ಹೇಳಲಾಗುವುದಿಲ್ಲ. ಸೆಕೆಂಡಿಗೆ ಸಾವಿರವೇ ಸಾಕೆಂದರೆ ದೂರವು 150 ಕಿಲೊಮೀಟರಿಗೆ ಬೆಳೆಯುತ್ತದೆ, ಆದರೆ ಅರುವತ್ತು ಮೈಕ್ರೊಸೆಕೆಂಡಿನ ಮಿಂಚು ಮಿಡಿತಗಳ ಸಂದಿನಲ್ಲಿ ಬಹುಪಾಲು ಸಲ ಜಾರಿಹೋಗುತ್ತದೆ.

ಇದರ ಮೇಲೆ ರೇಡಾರಿನ ಆಂಟೆನಾವೂ ಸುತ್ತುತ್ತಿರುತ್ತದೆ. ನಿಮಿಷಕ್ಕೆ ಹನ್ನೆರಡು ಸುತ್ತು ತಿರುಗುವ, ಒಂದೂವರೆ ಡಿಗ್ರಿ ಅಗಲದ ಕಿರಣವುಳ್ಳ ಆಂಟೆನಾವು ಹೆಲಿಕಾಪ್ಟರಿನ ಕಡೆಗೆ ಮುಖ ಮಾಡಿರುವುದು ಒಂದು ಸುತ್ತಿನಲ್ಲಿ 21 ಮಿಲಿಸೆಕೆಂಡು ಮಾತ್ರ. ಹ್ಯೂಯಿಯ ಎರಡು ಮಿಂಚುಗಳ ನಡುವಿನ ಬಿಡುವು 93 ಮಿಲಿಸೆಕೆಂಡು. ನಾಲ್ಕೈದು ಸುತ್ತಿಗೊಮ್ಮೆ ಮಾತ್ರ ಮಿಂಚು ಕಣ್ಣಿಗೆ ಬೀಳಬಹುದೆಂದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ಅತ್ಯಂತ ಸರಳವಾದ ಅನುಕರಣಕ್ಕೆ ಬರೋಣ. ಅಲಗನ್ನು ದಪ್ಪವೂ ಅಗಲವೂ ಇಲ್ಲದ ಒಂದು ಗೆರೆಯೆಂದು ಭಾವಿಸಿ, ಆ ಗೆರೆಯ ಮೇಲೆ ಬಿಂದುಗಳನ್ನು ಇಟ್ಟು, ಪ್ರತಿ ಬಿಂದುವಿನಿಂದ ರೇಡಾರಿಗಿರುವ ದೂರವನ್ನು ಪ್ರತಿ ಕ್ಷಣದಲ್ಲಿಯೂ ಕಂಡುಹಿಡಿದು, ಅದಕ್ಕೆ ತಕ್ಕ ಪ್ರಾವಸ್ಥೆಯ ಅಲೆಗಳನ್ನೆಲ್ಲ ಕೂಡಿಸುವುದು. ಬಿಂದುಗಳ ನಡುವಿನ ಅಂತರವು ತರಂಗದೂರದ ಅರ್ಧಕ್ಕಿಂತ ಕಡಿಮೆಯಿರಬೇಕು. ಹ್ಯೂಯಿಯ ಒಂದು ಅಲಗಿಗೆ ಐನೂರರ ಹತ್ತಿರ ಬಿಂದುಗಳು ಬೇಕೆಂದಾಯಿತು. ಐವತ್ತೇ ಸಾಕೆಂದು ಆತುರಪಡುವವರ ಪರದೆಯ ಮೇಲೆ, ಅಲಗು ಲಂಬವಾಗಿಲ್ಲದ ಕೋನಗಳಲ್ಲಿಯೂ ಅಂದವಾದ ಮಿಂಚುಗಳು ಕಾಣಿಸಿಕೊಳ್ಳುತ್ತವೆ; ಅವು ನಿಸರ್ಗದಲ್ಲಿಲ್ಲ, ಲೆಕ್ಕದ ಲೋಭದಿಂದ ಹುಟ್ಟಿದವು.

ಹೀಗೆ ದೊರೆತ ಪ್ರತಿಧ್ವನಿಯನ್ನು ಚಿಕ್ಕ ಚಿಕ್ಕ ಕಾಲಖಂಡಗಳಾಗಿ ಕತ್ತರಿಸಿ, ಪ್ರತಿ ಖಂಡದ ರೋಹಿತವನ್ನು ತೆಗೆದು, ಕಾಲವನ್ನು ಅಡ್ಡಲಾಗಿಯೂ ಆವೃತ್ತಿಯನ್ನು ಉದ್ದವಾಗಿಯೂ ಇಟ್ಟು ಚಿತ್ರ ಬರೆದರೆ, ನಡುವೆ ಒಡಲಿನ ನೇರವಾದ ಗೆರೆ, ಅದರ ಮೇಲೂ ಕೆಳಗೂ ಹೆಣೆದುಕೊಂಡು ಸಾಗುವ ಎರಡು ಸೈನ್ ವಕ್ರರೇಖೆಗಳು, ಆ ವಕ್ರಗಳು ಶಿಖರವನ್ನೂ ತಳವನ್ನೂ ಮುಟ್ಟಿದಲ್ಲೆಲ್ಲ ನೆಟ್ಟನೆ ನಿಂತ ಮಿಂಚಿನ ಕಂಬಗಳು ಗೋಚರವಾಗುತ್ತವೆ. ವಕ್ರರೇಖೆಗಳನ್ನು ಬರೆಯುವುದು ಅಲಗುಗಳ ತುದಿಗಳು. ನಡುವಣ ನೂರಾರು ಬಿಂದುಗಳು ತಮ್ಮ ತಮ್ಮೊಳಗೇ ಅಳಿದುಹೋಗುತ್ತಿರಲು, ನೆರೆಯಿಲ್ಲದ ತುದಿಯೊಂದು ಅಳಿಯದೆ ಉಳಿಯುತ್ತದೆ. ಅಂಚಿನ ವಿವರ್ತನೆಯ ಬಗ್ಗೆ ಕೆಲ್ಲರ್ ಮತ್ತು ಉಫಿಮ್ತ್ಸೆವರು ಹೇಳಿದ ಮಾತನ್ನು ಈ ಬಡ ಮಾದರಿಯೂ ತನ್ನದೇ ರೀತಿಯಲ್ಲಿ ಹೇಳುತ್ತಿದೆ. ಕಾಲಖಂಡವನ್ನು ಎಷ್ಟು ಚಿಕ್ಕದಾಗಿ ಕತ್ತರಿಸಬೇಕೆಂಬುದರಲ್ಲಿ ಡೆನಿಸ್ ಗ್ಯಾಬರ್ 1946ರಲ್ಲಿ ತೋರಿಸಿಕೊಟ್ಟ ಮಿತಿಯೊಂದುಂಟು: ಐದು ಮಿಲಿಸೆಕೆಂಡಿನ ಖಂಡವು ಆವೃತ್ತಿಯನ್ನು 200 ಹರ್ಟ್ಸಿನ ಮಟ್ಟಿಗೆ, ಎಂದರೆ ಸೆಕೆಂಡಿಗೆ ಮೂರು ಮೀಟರಿನ ಮಟ್ಟಿಗೆ ಹೇಳಬಲ್ಲದು, ಖಂಡವನ್ನು ಕಿರಿದುಮಾಡಿ ಮಿಂಚಿನ ಕ್ಷಣವನ್ನು ಖಚಿತಗೊಳಿಸಿದಷ್ಟೂ ವೇಗವು ಮಸುಕಾಗುತ್ತದೆ.

ಈ ಮಾದರಿಯು ಬಿಟ್ಟುದೇನು? ಬಹಳಷ್ಟು. ನಿಜವಾದ ಅಲಗು ಬಿಗಿಯಾದ ಗೆರೆಯಲ್ಲ. ಅದು ಮೇಲೆ ಕೆಳಗೆ ಬಡಿದುಕೊಳ್ಳುತ್ತದೆ, ಹಿಂದೆ ಮುಂದೆ ತೊನೆಯುತ್ತದೆ, ಪ್ರತಿ ಸುತ್ತಿನಲ್ಲಿಯೂ ತನ್ನ ಓರೆಯನ್ನು ಬದಲಿಸಿಕೊಳ್ಳುತ್ತದೆ. ಬರುವ ಅಲಗು ದುಂಡಾದ ಮುನ್ನಂಚನ್ನು ತೋರಿಸಿದರೆ ಹೋಗುವ ಅಲಗು ಚೂಪಾದ ಹಿನ್ನಂಚನ್ನು ತೋರಿಸುತ್ತದೆ, ಎರಡರ ಮಿಂಚೂ ಸಮಾನವಾಗಿರುವುದಿಲ್ಲ. ರೋಟರಿನ ನಡುಗುಂಭ, ಅದರ ಸರಳುಗಳು, ಕೀಲುಗಳು ಇವೆಲ್ಲ ನಿಧಾನವಾಗಿಯಾದರೂ ಎಡೆಬಿಡದೆ ತಿರುಗುತ್ತ, ಒಡಲಿನ ಗೆರೆಯ ಇಬ್ಬದಿಯಲ್ಲಿಯೂ ಮಬ್ಬಾದ ಪಟ್ಟಿಯೊಂದನ್ನು ಹರಡುತ್ತವೆ. ಮಿಂಚಿಗಾಗಿ ಕಾಯುವಷ್ಟು ಬಿಡುವಿಲ್ಲದ ರೇಡಾರಿಗೆ ಈ ಮಬ್ಬೇ ಹೆಚ್ಚು ಉಪಕಾರಿ. ಲೋಹದ ಅಲಗುಗಳ ಕಾಲ ಹೋಗಿ ಸಂಯುಕ್ತ ವಸ್ತುಗಳ ಕಾಲ ಬಂದ ಮೇಲೆ, ಅಲೆಯು ಅಲಗಿನೊಳಗೆ ಎಷ್ಟು ಹೊಕ್ಕು ಎಷ್ಟು ಮರಳುತ್ತದೆಂಬ ಲೆಕ್ಕವೂ ಸೇರಿಕೊಂಡಿದೆ; ಧ್ರುವ್‌ನ ಅಲಗುಗಳು ಇಂಥವು, ಮತ್ತು ಅದರ ರೋಟರಿನಲ್ಲಿ ಹಳೆಯ ಬಗೆಯ ಕೀಲುಗಳಿಲ್ಲ. ಆದರೂ ಈ ವಿವರಗಳನ್ನೆಲ್ಲ ಒಮ್ಮೆಗೇ ತುರುಕಿದ ಅನುಕರಣವೇ ಉತ್ತಮವೆಂದು ನಾನು ಹೇಳಲಾರೆ. ಅಲಗುಗಳೆಷ್ಟು, ಸುತ್ತುವ ವೇಗವೆಷ್ಟು ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಗೆರೆಯ ಮಾದರಿ ಸಾಕು. ಪ್ರತಿಧ್ವನಿಯ ಬಲವೆಷ್ಟು, ಎಷ್ಟು ದೂರದಿಂದ ಕಂಡೀತು ಎಂದು ಕೇಳಿದರೆ ಅದು ಸಾಲದು.

ಈಚೆಗೆ ಈ ವಿದ್ಯೆಯು ಸೇನೆಯ ಆವರಣವನ್ನು ದಾಟಿ ಬಂದಿದೆ. 2018ರ ಡಿಸೆಂಬರಿನಲ್ಲಿ ಡ್ರೋನುಗಳು ಕಂಡವೆಂಬ ವರದಿಗಳಿಂದ ಲಂಡನ್ನಿನ ಗ್ಯಾಟ್‌ವಿಕ್ ವಿಮಾನನಿಲ್ದಾಣದಲ್ಲಿ ಸುಮಾರು ಒಂದು ಸಾವಿರ ವಿಮಾನಗಳ ಸಂಚಾರವು ಕೆಟ್ಟಿತು. ಕಿರಿಯ ಡ್ರೋನಿನ ಪ್ರತಿಧ್ವನಿಯು ಹಕ್ಕಿಯದರಷ್ಟೇ ಇರುತ್ತದೆ, ವೇಗವೂ ಹೆಚ್ಚುಕಡಿಮೆ ಹಕ್ಕಿಯದೇ. ಬೇರ್ಪಡಿಸುವ ಗುರುತು ಅಲಗುಗಳಲ್ಲಿಯೇ ಇದೆ. ಗೇಣುದ್ದದ ಎರಡಲಗಿನ ಪ್ರೊಪೆಲರು ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗಿದರೆ ಸೆಕೆಂಡಿಗೆ 200 ಮಿಂಚುಗಳಾದವು; ಅವುಗಳನ್ನು ಒಂದೊಂದಾಗಿ ಬಿಡಿಸುವ ಬದಲು, ಹಲವು ಸುತ್ತುಗಳನ್ನು ಒಟ್ಟಿಗೆ ನೋಡಿದಾಗ, ರೋಹಿತದಲ್ಲಿ 200 ಹರ್ಟ್ಸಿನ ಸಮಾನ ಅಂತರದಲ್ಲಿ ಏಣಿಯ ಮೆಟ್ಟಿಲುಗಳಂತೆ ಗೆರೆಗಳು ಏಳುತ್ತವೆ. ಯಾವ ಹಕ್ಕಿಯೂ ರೆಕ್ಕೆ ಬಡಿದು ಇಂಥ ಗೆರೆಗಳನ್ನೆಬ್ಬಿಸಲಾರದು. ಆದರೆ ಪ್ಲಾಸ್ಟಿಕ್ಕಿನ ಪ್ರೊಪೆಲರಿನ ಪ್ರತಿಧ್ವನಿ ಬಹಳ ದುರ್ಬಲ, ನಾಲ್ಕು ರೋಟರುಗಳೂ ಒಂದೇ ವೇಗದಲ್ಲಿ ತಿರುಗದೆ ಗೆರೆಗಳು ಕಲಸಿಹೋಗುತ್ತವೆ; ಇಲ್ಲಿಯೂ ಅನುಕರಣವೇ ಮುಂದಾಗಿ ಸಾವಿರಾರು ಕೃತಕ ಪ್ರತಿಧ್ವನಿಗಳನ್ನು ಸೃಷ್ಟಿಸಿ, ಗುರುತಿಸುವ ಯಂತ್ರಗಳಿಗೆ ಪಾಠವಾಗಿ ಒದಗಿಸುತ್ತಿದೆ. ಅಂಥ ಪಾಠವನ್ನು ಓದಿದ ಯಂತ್ರವು ನಿಜವಾದ ಡ್ರೋನಿನ ಮುಂದೆ ತಬ್ಬಿಬ್ಬಾಗುವುದೂ ಉಂಟು. ಅಳತೆಯೊಡನೆ ಹೋಲಿಸಿ ಒರೆಗೆ ಹಚ್ಚದ ಅನುಕರಣವನ್ನು, ಅದರ ಚಿತ್ರಗಳು ಎಷ್ಟೇ ಮನೋಹರವಾಗಿರಲಿ, ಪ್ರಮಾಣವೆಂದು ಒಪ್ಪಬಾರದು.

ಓದುಗರಲ್ಲಿ ಗಣಕಯಂತ್ರದ ಅಭ್ಯಾಸವುಳ್ಳವರು ಗೆರೆಯ ಮಾದರಿಯನ್ನು ತಾವೇ ಬರೆದು ನೋಡಬೇಕೆಂದು ನನ್ನ ಕೋರಿಕೆ. ಅದಕ್ಕೆ ಬೇಕಾದುದು ಸೈನು ಕೊಸೈನುಗಳ ಪರಿಚಯ, ಒಂದು ಸಾಮಾನ್ಯ ಗಣಕಯಂತ್ರ, ಒಂದು ಸಂಜೆಯ ಬಿಡುವು. ಮೊದಲು ಎರಡು ಅಲಗುಗಳನ್ನಿಟ್ಟು, ಆಮೇಲೆ ಮೂರನ್ನಿಟ್ಟು, ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿರಿಸಿ ಮಿಂಚಿನ ಕಂಬಗಳನ್ನು ಎಣಿಸಿರಿ. ಅಲಗಿನ ಮೇಲಣ ಬಿಂದುಗಳ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.